ಬಿದ್ದವನ ಹೊರೆ

"ಏಯ್ ಮುದುಕಿ, ಬಾಗೇ ಮುಂಡೆ! ಸೊಂಟಕ್ಕೆ ಗೂಟ ಹೊಡೆಸ್ಕೊಂಡಿದ್ಯಾ? ಬೆನ್ನ ಮೇಲಿನ ಪೆಟ್ಟಿಗೇಲಿ ಮದ್ದುಗುಂಡು ಇದೆ ಅಂದ್ಕೊಂಡು ನಡಿ!"

ಬೈದವನು ಸಿನಿಮಾದವರ ಸಹಾಯಕ. ಕೈಯಲ್ಲಿ ಮೈಕು ಇದ್ದುದರಿಂದ ಬೈಗುಳ ಗುಡ್ಡದ ತುದಿಯವರೆಗೂ ಕೇಳಿಸಿತು. ಮುಂಡೆ ಎಂದದ್ದೇನೂ ಸುಳ್ಳಲ್ಲ. ಕೇರಿಯವರೆಲ್ಲ ದೊಡ್ಡಮ್ಮ ಎಂದು ಕರೆಯುವ ಈ ಹೆಂಗಸನ್ನು ಮುಂಡೆ ಮಾಡಿದ್ದು ಇದೇ ಗುಡ್ಡ.

ಹಣೆಗೆ ಪಟ್ಟಿ ಕೊಟ್ಟು, ಬೆನ್ನಿಗೆ ಹೊರೆ ಹೇರಿ ಗುಡ್ಡ ಹತ್ತುವುದು ಅವಳ ಕೇರಿಯ ತಲೆತಲಾಂತರದ ಕಸುಬು. ಆದರೆ ಇವತ್ತಿನ ಪೆಟ್ಟಿಗೆ ಖಾಲಿ. ಎಷ್ಟು ಬಾಗಿದರೂ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಕೊನೆಗೆ ಅವಳು ತಮ್ಮನ್ನೆಲ್ಲ ಕರೆತಂದಿದ್ದ ಏಜೆಂಟನಿಗೆ ಹೇಳಿದಳು: "ಖಾಲಿ ಹೊತ್ಕೊಂಡು ಬಾಗೋಕೆ ನಂಗೆ ಬರಲ್ಲಪ್ಪ. ಕಲ್ಲಾದ್ರೂ ತುಂಬ್ಕೋತೀನಿ."

ಕ್ಯಾಮೆರಾದವರು ಬಿದ್ದು ಬಿದ್ದು ನಕ್ಕರು. ತಾವಾಗಿ ಕೇಳಿ ಭಾರ ಹೊರುವ ಜನವನ್ನು ಅವರು ಎಲ್ಲಿ ನೋಡಿರಬೇಕು? ಹೊರೆ ಹೊರಲು ಜೊತೆಗೆ ಬಂದಿದ್ದ ಓರಗಿತ್ತಿಯೊಡನೆ ಸೇರಿ ಅವಳು ಪೆಟ್ಟಿಗೆ ತುಂಬ ಕಲ್ಲು ತುಂಬಿದಳು. ಬೆನ್ನು ಬಾಗಿತು, ಶಾಟ್ ಓಕೆ ಆಯಿತು.

ನಿಜವಾದ ಯುದ್ಧ ನಡೆದಾಗ ಅವಳಿನ್ನೂ ಬಾಣಂತಿ. ನಮ್ಮದೇ ಸೈನ್ಯದವರು ಕೇರಿಗೆ ನುಗ್ಗಿ ಗಂಡಸರನ್ನೆಲ್ಲ ಎಬ್ಬಿಸಿಕೊಂಡು ಹೋಗಿದ್ದರು. ಲಾರಿ ಹತ್ತದ ದಾರಿಯಲ್ಲಿ ಮದ್ದುಗುಂಡು ಮೇಲೇರಿದ್ದು ಆ ಬೆನ್ನುಗಳ ಮೇಲೆ. ಹೊರೆಯವರಲ್ಲಿ ಒಂದು ಕಟ್ಟಳೆ ಇದೆ: ಯಾರಾದರೂ ಬಿದ್ದರೆ ಅವನ ಹೊರೆ ಹಿಂದಿದ್ದವನದು. ದಾರಿಯಲ್ಲಿ ಹೊರೆ ಬಿಟ್ಟು ಬಂದವನಿಗೆ ಮನೆಯಲ್ಲಿ ಹೆಂಡತಿಯೂ ನೀರು ಕೊಡುವುದಿಲ್ಲ. ಮುಂದಿದ್ದವನು ಗುಂಡು ತಗುಲಿ ಬಿದ್ದಾಗ ಅವಳ ಗಂಡ ಅವನ ಪೆಟ್ಟಿಗೆಯನ್ನೂ ತನ್ನದರ ಮೇಲೆ ಹೇರಿಕೊಂಡನಂತೆ. ತಿರುವಿನ ಹತ್ತಿರ ಶೆಲ್ ಬಿತ್ತು. ಸುಡಲು ಹೆಣವೂ ಸಿಗಲಿಲ್ಲ. ಗುಡ್ಡದ ಬುಡದ ಸ್ಮಾರಕದಲ್ಲಿ ಸತ್ತ ಕುದುರೆಗೂ ಒಂದು ಕಲ್ಲು ನೆಟ್ಟಿದ್ದಾರೆ. ಹೊರೆಯವರ ಹೆಸರು ಹುಡುಕಿದರೂ ಇಲ್ಲ.

ಅದಕ್ಕೇ, ಯುದ್ಧದ ಸಿನಿಮಾದಲ್ಲಿ ಹೊರೆಯವರೂ ಬರುತ್ತಾರೆ ಎಂದು ಏಜೆಂಟ್ ಹೇಳಿದಾಗ ಅವಳಿಗೆ ಎದೆ ತುಂಬಿ ಬಂದಿತ್ತು. ಬೆಳೆದು ನಿಂತ ಮಗಳಿಗೆ, ಅಪ್ಪನನ್ನು ಪರದೆಯ ಮೇಲೆ ತೋರಿಸ್ತೀನಿ ಎಂದು ಮಾತು ಕೊಟ್ಟೇ ಬಂದಿದ್ದಳು.

ಊಟಕ್ಕೆ ಬಿಟ್ಟರು. ಸತ್ತ ಸೈನಿಕರ ವೇಷ ಹಾಕಿದವರಿಗೂ ಕುರ್ಚಿ ಇತ್ತು, ಹೊರೆಯವರಿಗೆ ನೆಲ. ನೀರಿನ ಕ್ಯಾನಿಗೆ ಕೈ ಹಾಕಿದ ಓರಗಿತ್ತಿಯನ್ನು ಸಹಾಯಕ ನಾಯಿ ಅಟ್ಟಿದ ಹಾಗೆ ಅಟ್ಟಿದ. ಅದು ಕಲಾವಿದರ ನೀರಂತೆ.

ಮುಂದಿನ ಶಾಟ್‌ಗೆ ಹೆಂಗಸರ ಕೈಗೆಲ್ಲ ಸ್ಪಂಜಿನ ಕಲ್ಲು ಕೊಟ್ಟರು. ಹೊರೆಯವನ ವೇಷದ ನಟನೊಬ್ಬ ಪೆಟ್ಟಿಗೆ ಹೊತ್ತು ಬರುತ್ತಾನೆ, ಅವನಿಗೆ ಹೊಡೆಯಬೇಕು ಎಂದರು. ಯಾಕೆಂದು ಯಾರೂ ಹೇಳಲಿಲ್ಲ. ಅವನು ಬಂದ, ಕಲ್ಲು ಬಿದ್ದವು, ಬಿದ್ದ. ಅಷ್ಟೇ ತಡ, ಕೈಯಲ್ಲಿದ್ದದ್ದನ್ನು ಬಿಸಾಕಿ ಹೆಂಗಸರೆಲ್ಲ ಓಡಿಹೋಗಿ ಅವನ ಪೆಟ್ಟಿಗೆ ಎತ್ತಿದರು.

"ಥೂ, ನಿಮ್ಮಜ್ಜಿ ಪಿಂಡ! ಕಲ್ಲು ಹೊಡೀರೇ ಅಂದ್ರೆ ಪೆಟ್ಟಿಗೆ ಎತ್ತೋಕೆ ಹೋಗ್ತೀರಾ? ಅವನು ದ್ರೋಹಿ ಕಣ್ರೇ! ಶತ್ರುಗಳಿಗೆ ದಾರಿ ತೋರ್ಸಿದೋನು!" ಸಹಾಯಕ ಮೈಕಿನಲ್ಲಿ ಕಿರುಚಿದ.

ದೊಡ್ಡಮ್ಮ ಪೆಟ್ಟಿಗೆ ಹಿಡಿದುಕೊಂಡೇ ಸಹಾಯಕನತ್ತ ಹೆಜ್ಜೆ ಹಾಕಿದಳು. ಅಷ್ಟರಲ್ಲಿ ನಿರ್ದೇಶಕರೇ ಎದ್ದು ಬಂದರು. ಮೆತ್ತನೆಯ ಮಾತಿನ ಮನುಷ್ಯ. ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಒಳ್ಳೆ ಮುಖ ಎಂದರು. ದ್ರೋಹಿಯ ಹೆಂಡತಿ ಇವಳೇ, ಬಿದ್ದ ಗಂಡನ ಮುಖಕ್ಕೆ ಉಗಿಯಬೇಕು, ಹತ್ತಿರದ ಶಾಟ್ ಎಂದರು.

"ಸ್ವಾಮಿ, ನಮ್ಮೋರಲ್ಲಿ ಅಂಥೋನು ಒಬ್ಬನೂ ಇರ್ಲಿಲ್ಲ. ನನ್ನ ಗಂಡ ಅಕೋ, ಆ ತಿರುವಲ್ಲೇ ಸತ್ತಿದ್ದು."

"ಇರಬಹುದಮ್ಮ. ಆದ್ರೆ ಜನ ಕೂತು ನೋಡ್ಬೇಕಲ್ಲ, ಅವರಿಗೊಬ್ಬ ಕೆಟ್ಟೋನು ಬೇಕು. ನಿಮ್ಮೋರು ಯುದ್ಧದಲ್ಲಿದ್ರು ಅಂತ ಎಲ್ಲಾದ್ರೂ ಬರೆದಿದ್ಯಾ?"

ಏಜೆಂಟ್ ಅವಳನ್ನು ಪಕ್ಕಕ್ಕೆಳೆದು, ಶಾಟ್ ಕೆಟ್ಟರೆ ರಸ್ತೆ ಕೆಲಸಕ್ಕೂ ಕೇರಿಯವರನ್ನು ಕರೆಯುವುದಿಲ್ಲ ಎಂದು ಹಲ್ಲು ಕಡಿದ. ಓರಗಿತ್ತಿ ಅವಳ ಸೆರಗು ಹಿಡಿದುಕೊಂಡು ಅತ್ತಳು. "ಉಗಿದ್ಬಿಡಕ್ಕ. ಸತ್ತೋರಿಗೆ ಏನು ಗೊತ್ತಾಗತ್ತೆ? ಮನೇಲಿ ಒಲೆ ಉರೀಬೇಕಲ್ಲ."

ದೊಡ್ಡಮ್ಮ ಸೆರಗು ಬಿಡಿಸಿಕೊಂಡಳು. ಬೆಳಗ್ಗೆ ಕಲ್ಲು ತುಂಬಿದ್ದ ತನ್ನ ಪೆಟ್ಟಿಗೆ ಹೊತ್ತು ಹೋಗಿ ಹೇಳಿದ ಜಾಗದಲ್ಲಿ ನಿಂತಳು. ನಟ ಅವಳ ಕಾಲ ಬಳಿ ಬಿದ್ದ. ಬಾಯಲ್ಲಿ ಉಗುಳೂ ಸೇರಿತ್ತು, ನುಂಗಿಕೊಂಡಳು. ಬಗ್ಗಿ ಅವನ ಖಾಲಿ ಪೆಟ್ಟಿಗೆಯನ್ನು ಎತ್ತಿ ತನ್ನದರ ಮೇಲೆ ಹೇರಿಕೊಂಡು, ತಿರುವಿನ ಕಡೆಗೆ ಗುಡ್ಡ ಹತ್ತತೊಡಗಿದಳು.

ಸಹಾಯಕ ಮೈಕಿನಲ್ಲಿ ಅರಚಿದ. ಏಜೆಂಟ್ ತಲೆ ತಲೆ ಚಚ್ಚಿಕೊಂಡ. ಅವಳು ಹತ್ತುತ್ತಲೇ ಇದ್ದಳು. ಮಗಳು ನೋಡಲಿ, ಅಪ್ಪ ಹೋದದ್ದು ಹೀಗೇ ಎಂದು ನೋಡಲಿ. ಅಷ್ಟೇ ಅವಳ ಮನಸ್ಸಿನಲ್ಲಿದ್ದದ್ದು.

ಆಗ ನಿರ್ದೇಶಕರು ಮೈಕು ಕಿತ್ತುಕೊಂಡರು. "ಕಟ್ ಮಾಡ್ಬೇಡಿ, ತೆಗೀತಾನೇ ಇರಿ! ಚೆನ್ನಾಗಿ ಬರ್ತಿದೆ. ದ್ರೋಹಿ ಹೆಂಡ್ತಿ ಮದ್ದುಗುಂಡು ಕದ್ಕೊಂಡು ಓಡ್ತಿದಾಳೆ ಅಂತ ಹಾಕೋಣ!"

ದೊಡ್ಡಮ್ಮ ನಿಂತಳು. ಕೆಳಗೆ, ಇಳಿಜಾರಿನ ನೇರಕ್ಕೆ, ಮೂರು ಕಾಲಿನ ಮೇಲೆ ನಿಂತ ಕ್ಯಾಮೆರಾ ಅವಳನ್ನೇ ನೋಡುತ್ತಿತ್ತು. ಉಗಿದರೂ ಅದು ನುಂಗುತ್ತದೆ, ಹೊತ್ತರೂ ನುಂಗುತ್ತದೆ.

ಹೊರೆಯವರು ದಾರಿ ಬಿಡಿಸಿಕೊಳ್ಳಲು ಕೂಗುವ ಕೂಗನ್ನು ಅವಳು ಗಂಟಲು ಹರಿಯುವಂತೆ ಕೂಗಿದಳು. "ಸರೀರೋ, ಪಕ್ಕಕ್ಕೆ ಸರೀರೋ!"

ಕೆಳಗೆ ಜನ ದಿಕ್ಕಾಪಾಲಾಗಿ ಓಡಿದರು. ಜನ್ಮದಲ್ಲಿ ದಾರಿ ನಡುವೆ ಒಮ್ಮೆಯೂ ಹೊರೆ ಬಿಟ್ಟವಳಲ್ಲ. ಕಣ್ಣಲ್ಲಿ ನೀರು ಧಾರಾಕಾರ ಇಳಿಯುತ್ತಿರಲು, ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿ ನಿಂತು ಹಣೆಯ ಪಟ್ಟಿ ಕಳಚಿದಳು. ಕಲ್ಲಿನ ಪೆಟ್ಟಿಗೆ ಇಳಿಜಾರಿನಲ್ಲಿ ಕ್ಯಾಮೆರಾದ ಕಡೆಗೆ ಉರುಳಿತು.