ಹಿಂದಕ್ಕೆ ಸರಿಯದ ಬಸ್ಸು

ಯಾರೆಮಾನ ಹೊಟ್ಟೆಯೊಳಗಿನ ಬೆಂಕಿಗೆ ಹನ್ನೊಂದು ವರ್ಷ ತುಂಬಿತ್ತು. ಇಪ್ಪತ್ತೆರಡರ ಹರೆಯದಲ್ಲಿ ಅವನು ದೊಡ್ಡ ಕ್ಲಬ್ಬಿನ ಮಿಡ್‌ಫೀಲ್ಡರ್; ದೇಶದ ತಂಡದಿಂದ ಇಂದೋ ನಾಳೆಯೋ ಕರೆ ಬರುವುದಿತ್ತು. ಕಪ್ಪಿನ ಸೆಮಿಫೈನಲ್ ದಿನ ಮರೆತ ಬೂಟು ತರಲು ಹೋಗಿ, ಬಸ್ಸು ಹೊರಟ ಮೇಲೆ ಓಡಿಬಂದ ಅವನನ್ನು ಹತ್ತಿಸಿಕೊಳ್ಳಲು ಚಾಲಕ ಬಸ್ಸನ್ನು ಇಪ್ಪತ್ತು ಹೆಜ್ಜೆ ಹಿಂದಕ್ಕೆ ತಂದ. ಪಂದ್ಯಕ್ಕೆ ಹೊರಟ ಬಸ್ಸು ಹಿಂದಕ್ಕೆ ಸರಿದರೆ ಸೋಲು ಕಟ್ಟಿಟ್ಟ ಬುತ್ತಿ ಎಂದು ಉಕ್ರೇನಿನ ಫುಟ್ಬಾಲಿಗರು ಕಣ್ಣು ಮುಚ್ಚಿ ನಂಬುತ್ತಾರೆ. ಅಂದು ಸೋತರು. ಆಡಲಾರದವರನ್ನು ಆಡಿಸಿದ್ದು ಕೋಚ್ ನೆಸ್ತೊರ್ ಝಖಾರೊವಿಚ್, ತಲೆದಂಡ ತೆತ್ತಿದ್ದು ಯಾರೆಮಾ.

"ಈ ಅನಿಷ್ಟ ಮುಂಡೇದು ಬಸ್ಸನ್ನ ಹಿಂದಕ್ಕೆ ತರಿಸ್ತು! ಇನ್ನು ಗೆಲ್ಲೋದೆಲ್ಲಿಂದ ಬಂತು?" ಎಂದು ಕೋಚ್ ಪತ್ರಕರ್ತರ ಮುಂದೆಯೇ ಕೂಗಾಡಿ, ಅವನನ್ನು ತಂಡದಿಂದ ಕಿತ್ತು ಹಾಕಿದ.

ಆಮೇಲೆ ಯಾವ ಕ್ಲಬ್ಬಿಗೆ ಹೋದರೂ 'ಅನಿಷ್ಟ' ಎಂಬ ಹೆಸರು ಅವನಿಗಿಂತ ಮೊದಲೇ ಅಲ್ಲಿ ಹಾಜರು. ಬಸ್ಸಿನಲ್ಲಿ ಪಕ್ಕಕ್ಕೆ ಯಾರೂ ಕೂರುತ್ತಿರಲಿಲ್ಲ. ದೇಶದ ಕರೆ ಬರಲೇ ಇಲ್ಲ. ಹಂತ ಹಂತವಾಗಿ ಇಳಿದು, ಮೂವತ್ತಮೂರಕ್ಕೆ ಹೆಂಡತಿಯ ಊರಿನ ಸಣ್ಣ ತಂಡಕ್ಕೆ ಬಂದು ಬಿದ್ದ.

ಆ ಸೆಪ್ಟೆಂಬರಿನಲ್ಲಿ ಕಪ್ ಪಂದ್ಯಗಳಿಗೆ ಚೀಟಿ ಎತ್ತಿದಾಗ ಝಖಾರೊವಿಚ್‌ನ ತಂಡ ಅದೇ ಊರಿಗೆ ಆಡಲು ಬರುವಂತಾಯಿತು. ಯಾರೆಮಾ ನೇರ ಮಾವ ಹ್ನಾತನ ಹೊಲಕ್ಕೆ ಹೋದ.

"ಮಾವ, ನಿಮ್ಮ ಟ್ರ್ಯಾಕ್ಟರ್ ಬೇಕಿತ್ತು."

"ಯಾಕಪ್ಪಾ, ಬಾಲ್ ಒದ್ದು ಸಾಕಾಯ್ತಾ? ಉಳೋಕೆ ಬರ್ತೀಯಾ?"

ಮೈದಾನಕ್ಕೆ ಇದ್ದದ್ದು ಒಂದೇ ಓಣಿ, ಎರಡೂ ಕಡೆ ಚರಂಡಿ. ಗೇಟಿನ ಬಳಿ ತಿರುಗಿಸಲೂ ಜಾಗವಿಲ್ಲದೆ, ಒಳಹೋದ ಲಾರಿಗಳು ಹಿಮ್ಮುಖವಾಗಿಯೇ ಹೊರಬರುತ್ತಿದ್ದವು. ಪಂದ್ಯದ ದಿನ ಆ ಓಣಿಯ ನಡುವೆ, ಗೇಟಿಗೆ ಮುಖ ಮಾಡಿ, ಸಕ್ಕರೆ ಬೀಟ್ ಗೆಡ್ಡೆ ತುಂಬಿದ ಹ್ನಾತನ ಟ್ರ್ಯಾಕ್ಟರ್ ನಿಂತಿತ್ತು. ಝಖಾರೊವಿಚ್‌ನ ಬಸ್ಸು ಬಂದು ಅದರ ಹಿಂದೆ ಸಿಕ್ಕಿಕೊಂಡು ನಿಂತಿತು.

"ಸ್ವಲ್ಪ ಹಿಂದಕ್ಕೆ ತಗೊಳ್ಳಲಾ, ಸಾರ್?" ಎಂದ ಚಾಲಕ.

"ಗೇರ್ ಮುಟ್ಟಿದ್ರೆ ಕೈ ಮುರಿದುಬಿಡ್ತೀನಿ!"

ಬೇಲಿಯ ಹಿಂದೆ ನಿಂತಿದ್ದ ಯಾರೆಮಾನಿಗೆ ಸ್ವರ್ಗಕ್ಕೆ ಮೂರೇ ಗೇಣು. ಪಕ್ಕದಲ್ಲಿದ್ದ ಹ್ನಾತ ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆ ಉಗುಳಿದ.

"ಗೆದ್ವಿ ಬಿಡು. ಅವನ ಬಸ್ಸು ಹಿಂದಕ್ಕೆ ಹೋದ್ಮೇಲೆ ಸೋಲದೆ ಇರೋಕಾಗುತ್ತಾ?"

ಯಾರೆಮಾನ ನಗು ಅಲ್ಲೇ ನಿಂತಿತು. "ಹಾಗಾದ್ರೆ ಅವತ್ತು ಸೋಲಿಸಿದ್ದೂ ನಾನೇ ಅಂತಾಯ್ತಲ್ಲ, ಮಾವ! ನಾಳೆ ಅವನು ಪೇಪರಿನವರ ಮುಂದೆ ಅದನ್ನೇ ಹೇಳ್ತಾನೆ. ನಾನು ಸಾಯೋವರೆಗೂ ಅನಿಷ್ಟ!"

ಓಡಿಹೋಗಿ ಟ್ರ್ಯಾಕ್ಟರ್ ಹತ್ತಿ, ಅದನ್ನು ತಾನೇ ಮುಂದಕ್ಕೆ ಗೇಟಿನೊಳಗೆ ಓಡಿಸಿ ದಾರಿ ಬಿಟ್ಟ. ಬಸ್ಸಿನ ಕಿಟಕಿಯಿಂದ ಝಖಾರೊವಿಚ್ ಇಣುಕಿದ.

"ಓಹೋ, ಅನಿಷ್ಟ! ಇನ್ನೂ ಬದುಕಿದ್ದೀಯಾ?"

"ನಿಮಗೋಸ್ಕರಾನೇ. ನೇರ ಬನ್ನಿ, ಝಖಾರೊವಿಚ್. ಮುಂದಕ್ಕೇ ಬನ್ನಿ."

ಆಮೇಲೆ ಯಾರೆಮಾ ಹುಚ್ಚು ಹಿಡಿದವನಂತೆ ಆಡಿದ. ಮಂಡಿ ನೋಯುತ್ತಿತ್ತು, ನೋಯಲಿ ಎಂದ. ಎಂಬತ್ತನಾಲ್ಕನೇ ನಿಮಿಷದಲ್ಲಿ ಎದುರಾಳಿಯ ಕಾಲಿನಿಂದ ಚೆಂಡು ಕಿತ್ತು, ಯಾರಿಗೂ ಕೊಡದೆ ಮುನ್ನುಗ್ಗಿ ಒದ್ದ. ಗೋಲ್‌ಕೀಪರ್ ಹಾರಿದ್ದು ಒಂದು ಕಡೆ, ಚೆಂಡು ಹೋದದ್ದು ಇನ್ನೊಂದು ಕಡೆ. ಒಂದು ಸೊನ್ನೆ, ಅಲ್ಲಿಗೆ ಪಂದ್ಯ ಮುಗಿಯಿತು.

ಪತ್ರಕರ್ತರು ಸುತ್ತಿಕೊಂಡಾಗ ಝಖಾರೊವಿಚ್ ಚಾಲಕನ ಕಾಲರ್ ಹಿಡಿದ. "ನಿಜ ಹೇಳೋ. ದಾರೀಲಿ ಎಲ್ಲಾದ್ರೂ ಹಿಂದಕ್ಕೆ ತಂದ್ಯಾ?"

"ಒಂದಿಂಚೂ ಇಲ್ಲ ಸಾರ್. ಆ ಯಾರೆಮಾನೇ ದಾರಿ ಬಿಟ್ಟನಲ್ಲ."

ಪತ್ರಕರ್ತರು ಅದನ್ನೂ ಬರೆದುಕೊಂಡರು. ಝಖಾರೊವಿಚ್ ಚಾಲಕನ ಕಾಲರ್ ಬಿಟ್ಟ. ಹೋಗಿ ಬಸ್ಸಿನ ಮುಂದಿನ ಸೀಟಿನಲ್ಲಿ ಕುಸಿದ.

ಯಾರೆಮಾ ಬೆವರಿನ ಅಂಗಿಯಲ್ಲೇ ಬಸ್ಸಿನ ಹಿಂದೆ ಹೋಗಿ ನಿಂತು, ಅಂಗೈಯಿಂದ ಅದನ್ನು ದಬದಬ ಬಡಿದ.

"ಬರ್ಲಿ, ಬರ್ಲಿ! ಇನ್ನೂ ಹಿಂದಕ್ಕೆ ಬರ್ಲಿ! ಹೆದರ್ಬೇಡಿ ಝಖಾರೊವಿಚ್, ಹೇಗೂ ಸೋತಾಗಿದೆಯಲ್ಲ!"