ಆರನೆಯ ಹಿಡಿ

ಹಾನುಸ್ ತಂಗಿಯ ಗಂಡ ಸೀಮುನ್‌ನ ಶವಪೆಟ್ಟಿಗೆಯ ಹಿಡಿಗೆ ಕೈ ಹಾಕಿ ಎತ್ತಿದ. ಅರ್ಧಕ್ಕೇ ಮುಖ ಹಿಂಡಿಕೊಂಡು ಕೆಳಗಿಳಿಸಿದ.

"ಆಗಲ್ಲ ರಾನ್ವಾ. ನನ್ನ ಸೊಂಟದ ಕತೆ ನಿಂಗೆ ಗೊತ್ತಲ್ಲ."

"ಬಿಡಣ್ಣಾ."

ಪೆಟ್ಟಿಗೆಗೆ ಆರು ಹಿಡಿ; ಅವನನ್ನು ಬಿಟ್ಟರೆ ಹೊರಲು ಚರ್ಚಿನ ಬಾಗಿಲಲ್ಲಿ ಉಳಿದವರು ಐದೇ ಗಂಡಸರು. ಊರಿನ ಮಿಕ್ಕವರೆಲ್ಲ ಮೀನಿಗೆ ಹೋದವರು, ಗಾಳಿಗೆ ಸಿಕ್ಕು ಪಕ್ಕದ ದ್ವೀಪದಲ್ಲೇ ದೋಣಿ ಕಟ್ಟಿಕೊಂಡು ನಿಂತಿದ್ದರು. ಈ ಊರಲ್ಲಿ ಸತ್ತವರನ್ನು ಗುಡ್ಡದ ಸ್ಮಶಾನಕ್ಕೆ ಗಂಡಸರೇ ಕೈಯಲ್ಲಿ ಹಿಡಿದು ಒಯ್ಯಬೇಕು.

"ಟ್ರ್ಯಾಕ್ಟರ್ ತರಿಸಲಾ?" ಹಾನುಸ್ ಕೇಳಿದ.

"ನನ್ನ ಗಂಡ ಏನು ಹುಲ್ಲಿನ ಹೊರೆಯಾ?"

ಐವರಲ್ಲೊಬ್ಬ ಪಕ್ಕದವನಿಗೆ ಪಿಸುಗುಟ್ಟಿದ್ದು ಅವಳಿಗೆ ಕೇಳಿಸಿತು. "ಸೀಮುನ್ ಇಪ್ಪತ್ತು ವರ್ಷ ಹೊರದೇಶದಲ್ಲಿ ಫುಟ್‌ಬಾಲ್ ಆಡಿದನಂತೆ."

"ಎಲ್ಲಿ ಆಡಿದ ಮಾರಾಯ? ಬದಲಿ ಆಟಗಾರರ ಬೆಂಚ್ ಬಿಸಿ ಮಾಡಿದ ಅಷ್ಟೇ."

ರಾನ್ವಾಳಿಗೆ ಸಿಟ್ಟು ಬರಲಿಲ್ಲ. ಅದೇ ಮಾತನ್ನು ಅವಳೂ ಅಂದಿದ್ದಳು.

*

ವರ್ಷಗಳ ಹಿಂದಿನ ಮಾತು, ನಾರ್ವೆಯ ಬಾಡಿಗೆ ಮನೆ. ಅವನ ಕ್ಲಬ್ ಬದಲಾದಂತೆಲ್ಲ ಡೆನ್ಮಾರ್ಕ್ ಆಯಿತು, ಸ್ಕಾಟ್ಲೆಂಡ್ ಆಯಿತು, ಅದು ನಾಲ್ಕನೆಯ ಮನೆಯೋ ಐದನೆಯದೋ. ಮಗಳು ಹುಟ್ಟಿದ ಮರುದಿನ ಸೀಮುನ್ ಪಂದ್ಯ ಮುಗಿಸಿ ಬಂದ. ಗೋಲ್‌ಕೀಪರ್ ಅಂಗಿಯಲ್ಲಿ ಒಂದು ಚೂರು ಕೆಸರಿರಲಿಲ್ಲ.

"ಆಡಿದ್ರಾ?"

"ಇಲ್ಲ. ಮೊದಲನೇ ಗೋಲ್‌ಕೀಪರ್ ಕಾಲು ಉಳುಕಿತ್ತು. ನಾನು ಎದ್ದು ಗ್ಲೌಸ್ ಹಾಕ್ಕೊಂಡೆ. ಆಮೇಲೆ ಅವನಿಗೆ ಸರಿಹೋಯ್ತು."

"ನಾನಿಲ್ಲಿ ಒಬ್ಬಳೇ ಹೆರ್ತಿದ್ದೆ. ನೀವು ಅಲ್ಲಿ ಸುಮ್ಮನೆ ಕೂತಿದ್ರಿ."

ಅವನು ಮಗುವಿನ ಕಡೆ ನೋಡುತ್ತಲೇ ಹೇಳಿದ: "ಯಾರಿಗಾದ್ರೂ ಏನಾದ್ರೂ ಆದ್ರೆ, ಒಬ್ಬ ಇರಬೇಕಲ್ಲ."

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಮುಂದಿನ ವರ್ಷ ಇನ್ನೊಂದು ಊರಿಗೆ ಹೊರಡಲು ಮತ್ತೆ ಪಾತ್ರೆಗಳನ್ನು ಹಳೇ ಪೇಪರಿನಲ್ಲಿ ಸುತ್ತಿದಳು.

*

"ಒಂದು ಗಂಟೆ ಕಾಯೋಣವಾ?" ಪಾದ್ರಿ ಕೇಳಿದರು. "ಗಾಳಿ ಇಳಿದರೆ ದೋಣಿ ಬರಬಹುದು."

"ಕಾದಿದ್ದು ಸಾಕು ಪಾದ್ರಿಗಳೇ."

ರಾನ್ವಾ ಕೈಚೀಲವನ್ನು ಅಣ್ಣನ ಎದೆಗೆ ಒತ್ತಿದಳು.

"ಏನೇ ಇದು? ಹೆಂಗಸರು ಹೊರೋದು ಉಂಟಾ?"

"ಚೀಲ ಹಿಡ್ಕೋ ಅಂದೆ."

ಅವಳು ಖಾಲಿ ಹಿಡಿಗೆ ಕೈ ಹಾಕಿದಳು. ಪೆಟ್ಟಿಗೆ ಮೇಲೆದ್ದಿತು, ಅವಳ ಮೂಲೆ ಮಾತ್ರ ಕೆಳಗೇ ಉಳಿದು ವಾಲಿತು. ಅವಳು ಗಿಡ್ಡ, ಉಳಿದವರೆಲ್ಲ ಎತ್ತರದವರು. ಪಿಸುಗುಟ್ಟಿದವನು ಮೊದಲು ಮೊಣಕಾಲು ಬಗ್ಗಿಸಿದ, ಆಮೇಲೆ ಅವನ ಪಕ್ಕದವನು, ಆಮೇಲೆ ಎಲ್ಲರೂ. ಕಪ್ಪು ಕೋಟಿನ ಐದು ಗಂಡಸರು, ಚೆಂಡು ಯಾವ ಕಡೆಯಿಂದ ಬಂದೀತೋ ಎಂದು ಕಾಯುವ ಗೋಲ್‌ಕೀಪರ್‌ಗಳಂತೆ ಅರೆಬಗ್ಗಿದ ಕಾಲಿನಲ್ಲೇ, ಅವಳ ಜೊತೆ ಗುಡ್ಡ ಹತ್ತತೊಡಗಿದರು.