ಕೊನೆಯ ಸಾಲಿನ ಕೈ

ನಮ್ಮ ಸಂವಹನ ಸಂಘದಲ್ಲಿ ನನ್ನ ಕೆಲಸ ಕೈ ಎತ್ತುವುದು. ಸಂವಹನದ ಬಗ್ಗೆ ಪಾಠ ಹೇಳುವವರೂ, ಪತ್ರಿಕೆ, ರೇಡಿಯೊ, ಜಾಹೀರಾತು ಎಂದು ಅದರಲ್ಲೇ ಹೊಟ್ಟೆ ಹೊರೆಯುವವರೂ ತಿಂಗಳಿಗೊಮ್ಮೆಯಾದರೂ ಒಟ್ಟಿಗೆ ಕೂರಲಿ ಎಂದು ಹಿರಿಯರು ಕಟ್ಟಿದ ಸಂಘ ಇದು. ಅವರೇ ಮಾಡಿದ ನಿಯಮವೊಂದಿದೆ. ಯಾರೇ ಪ್ರಬಂಧ ಓದಲಿ, ಪಂಡಿತರಲ್ಲದ ಒಬ್ಬರು ಕೊನೆಯ ಸಾಲಿನಲ್ಲಿ ಕೂತಿರಬೇಕು. ತಿಳಿಯದಿದ್ದರೆ ಕೈ ಎತ್ತಬೇಕು. ಆಗ ಓದುವವರು ನಿಲ್ಲಿಸಿ, ಬಿಡಿಸಿ ಹೇಳಬೇಕು. ರೇಡಿಯೊದಲ್ಲಿ ವಾರ್ತೆ ಓದಿ ನಿವೃತ್ತಳಾದ ನಾನು ಇಪ್ಪತ್ತು ವರ್ಷದಿಂದ ಆ ಕುರ್ಚಿಯಲ್ಲಿದ್ದೇನೆ.

ಈ ತಿಂಗಳು ಆ ಕೆಲಸ ಬಿಟ್ಟುಬಿಡೋಣವೆಂದು ರಾಜೀನಾಮೆ ಬರೆದು ಚೀಲದಲ್ಲಿಟ್ಟುಕೊಂಡು ಹೋದೆ. ವರ್ಷದಿಂದ ಕಿವಿ ಮಂದವಾಗಿದೆ. ಕೇಳಿಸದ ಮಾತಿಗೂ ತಲೆಯಾಡಿಸಿ ಕೂತು ಸಾಕಾಗಿತ್ತು. ಯಾರಿಗೂ ಹೇಳಿರಲಿಲ್ಲ.

ಬಸ್ಸು ಬೇಗ ಸಿಕ್ಕಿದ್ದರಿಂದ ಎಲ್ಲರಿಗಿಂತ ಮೊದಲೇ ತಲುಪಿದೆ. ಕಾರ್ಯದರ್ಶಿ ಮೇಷ್ಟ್ರು ಕಾಲೇಜಿನಲ್ಲಿ ನಾಲ್ಕು ಪಾಠ ಮುಗಿಸಿ ಬಂದವರು, ಸೊಂಟ ಹಿಡಿದುಕೊಂಡು ಕುರ್ಚಿ ಎಳೆಯುತ್ತಿದ್ದರು. ಮೊದಲು ಎಂಟು ಸಾಲಿರುತ್ತಿತ್ತು, ಈಗ ಮೂರು. ಸಂಘ ಸೊರಗುತ್ತಿದೆ ಎಂದೇ ನಾನು ತಿಳಿದಿದ್ದೆ. ಆದರೆ ಕುರ್ಚಿಗಳು ಅಷ್ಟೇ ಇದ್ದವು. ಸಾಲುಗಳು ಮಾತ್ರ ಉದ್ದವಾಗಿ ಗೋಡೆಯಿಂದ ಗೋಡೆಗೆ ಮುಟ್ಟಿದ್ದವು.

ಏಕೆಂದು ಕೇಳಿದೆ. ಮೇಷ್ಟ್ರು ಮುಖ ಒರೆಸಿಕೊಂಡರು.

"ಹೋದ ವರ್ಷ ನಾನೊಂದು ಪ್ರಬಂಧ ಓದಿದ್ನಲ್ಲ ಅಕ್ಕ, ನನಗೇ ಅರ್ಥ ಆಗಿರಲಿಲ್ಲ. ನೀವು ಕೈ ಎತ್ತಲಿಲ್ಲ. ನಿಮಗೆ ಕೇಳಿಸ್ತಿಲ್ಲ ಅಂತ ಆಗಲೇ ಗೊತ್ತಾಯ್ತು."

ರಾಜೀನಾಮೆ ತೆಗೆದು ಕೊಟ್ಟೆ. ಅವರು ಓದದೆ ಮಡಚಿ ಹಿಂದಕ್ಕೆ ಕೊಟ್ಟರು.

"ಕೊನೇ ಸಾಲು ಅಂತ ನಿಯಮದಲ್ಲಿದೆ. ಅದು ಎಷ್ಟು ಹಿಂದಿರಬೇಕು ಅಂತ ಎಲ್ಲೂ ಬರೆದಿಲ್ಲ."

ನನಗೆ ಸಂತೋಷವಾಗಬೇಕಿತ್ತು. ದಣಿವಷ್ಟೇ ಆಯಿತು. ಅಷ್ಟರಲ್ಲಿ ಜನ ಬಂದರು. ಹಿಂದೆ ಜಾಹೀರಾತು ಬರೆಯುತ್ತಿದ್ದ ಮುದುಕಪ್ಪ ಉದ್ದ ಸಾಲಿನ ತುದಿಯ ಕುರ್ಚಿಯಲ್ಲಿ ಕೂತು, ಓದುವವರ ಮೇಜಿನತ್ತ ಕತ್ತು ತಿರುಗಿಸಿ ತಿರುಗಿಸಿ ನೀವಿಕೊಳ್ಳುತ್ತಿದ್ದರು. ತಿಂಗಳುಗಟ್ಟಲೆ ಎಲ್ಲರೂ ನನಗಾಗಿ ಹೀಗೆ ಓರೆಯಾಗಿ ಕೂತಿದ್ದರು.

ಆ ದಿನ ಓದಿದವಳು ಹೊಸ ಉಪನ್ಯಾಸಕಿ. ವೈದ್ಯರು ಹೇಳಿದ್ದು ತಿಳಿಯದಿದ್ದರೂ ರೋಗಿಗಳು ಏಕೆ ತಲೆಯಾಡಿಸುತ್ತಾರೆ ಎಂಬುದು ಅವಳ ಪ್ರಬಂಧ. ಅಷ್ಟು ಕೇಳಿಸಿತು. ಆಮೇಲೆ ಅವಳ ದನಿ ತಗ್ಗಿತು. ತುಟಿ ಅಲ್ಲಾಡುವುದಷ್ಟೇ ಕಂಡಿತು.

ಕೈ ಎತ್ತಿದೆ. ಅವಳು ಗಾಬರಿಯಿಂದ ಹಾಳೆ ಹಿಂದೆ ಮುಂದೆ ಮಾಡಿದಳು.

"ತಪ್ಪು ನಿಂದಲ್ಲಮ್ಮ," ಎಂದೆ. "ನನಗೆ ಕೇಳಿಸ್ತಿಲ್ಲ. ವರ್ಷದಿಂದಲೂ ಕೇಳಿಸ್ತಿಲ್ಲ."

ಎಲ್ಲರಿಗೂ ಮೊದಲೇ ಗೊತ್ತಿತ್ತೇನೋ, ಯಾರೂ ತಿರುಗಿ ನೋಡಲಿಲ್ಲ. ಮುದುಕಪ್ಪ ಮಾತ್ರ ಮೆಲ್ಲಗೆ ತಮ್ಮ ಕೈಯನ್ನೂ ಎತ್ತಿದರು. "ನನಗೂ ಅಷ್ಟೆ ತಾಯಿ. ಜೋರಾಗಿ ಓದು."

ಅವಳು ಮೊದಲಿಂದ ಓದಿದಳು. ಮುಗಿದ ಮೇಲೆ ನಾನು ರಾಜೀನಾಮೆಯ ಹಾಳೆಯ ಹಿಂಬದಿಯಲ್ಲಿ ಎರಡು ಸಾಲು ಬರೆದು ಮೇಷ್ಟ್ರ ಕೈಗಿಟ್ಟೆ: ಕುರ್ಚಿಗಳು ಮೊದಲಿನಂತೆ ಎಂಟು ಸಾಲಿರಲಿ. ಕೇಳಿಸದಿದ್ದರೆ ಕೈ ಎತ್ತುತ್ತೇನೆ.